ನಿಮ್ಮೂರಿನ ಸಂಘಕ್ಕೊಂದು ಕನ್ನಡ ವೆಬ್‌ಸೈಟ್: ವರ್ಡ್‌ಪ್ರೆಸ್‌ನಲ್ಲಿ ಮಾಡುವುದು ಹೇಗೆ?

ವೆಬ್‌ಸೈಟ್ ಮಾಡಲು ಕೋಡ್ ಕಲಿತಿರಲೇಬೇಕು ಅಂತೇನಿಲ್ಲ. ಬರಹ, ಚಿತ್ರಗಳನ್ನು ಸುಲಭವಾಗಿ ಹಾಕಲು, ತಿದ್ದಲು ನೆರವಾಗುವ ಸಿಎಮ್‌ಎಸ್ ಎಂಬ ತಂತ್ರಾಂಶಗಳಿವೆ. ಅವುಗಳಲ್ಲಿ ವರ್ಡ್‌ಪ್ರೆಸ್ ಹೆಚ್ಚು ಪರಿಚಿತ. ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ 2003ರಲ್ಲಿ ಶುರು ಮಾಡಿದ ಇದು ಈಗಲೂ ಉಚಿತ.

ಮೊದಲು ಒಳಗೆ ನಡೆಯುವುದನ್ನು ತಿಳಿದುಕೊಳ್ಳಿ. ಯಾರೋ ನಿಮ್ಮ ಸೈಟಿನ ಹೆಸರು ಟೈಪ್ ಮಾಡುತ್ತಾರೆ. ಡಿಎನ್‌ಎಸ್ ಎಂಬ ಅಂತರ್ಜಾಲದ ವಿಳಾಸಪಟ್ಟಿ ಆ ಹೆಸರಿಗೆ ಸೇರಿದ ಸರ್ವರಿನ, ಅಂದರೆ ಸೈಟ್ ಇರುವ ಕಂಪ್ಯೂಟರಿನ, ಐಪಿ ಸಂಖ್ಯೆ ಹುಡುಕಿಕೊಡುತ್ತದೆ. ಸರ್ವರಿನಲ್ಲಿರುವ ವರ್ಡ್‌ಪ್ರೆಸ್, ಮಾಹಿತಿ ಕೂಡಿಡುವ ಡೇಟಾಬೇಸಿನಿಂದ ಬರಹವನ್ನು ತೆಗೆದು, ಥೀಮಿನ (ಸೈಟಿನ ವಿನ್ಯಾಸದ) ಅಂದಕ್ಕೆ ಹೊಂದಿಸಿ, ಎಚ್‌ಟಿಎಮ್‌ಎಲ್ ಪುಟವಾಗಿ ಕಳಿಸುತ್ತದೆ. ಬರಹ ಬೇರೆ, ಅಂದ ಬೇರೆ. ಹಾಗಾಗಿಯೇ ಥೀಮ್ ಬದಲಿಸಿದರೂ ನೀವು ಬರೆದದ್ದು ಅಳಿಯುವುದಿಲ್ಲ.

1. ಡೊಮೇನ್ ಹೆಸರು (ಸೈಟಿನ ಹೆಸರು), ಹೋಸ್ಟಿಂಗ್ (ಸರ್ವರಿನಲ್ಲಿ ಸೈಟಿಗೆ ಜಾಗ) ಕೊಳ್ಳಿ. ಹೆಸರು ಒಮ್ಮೆ ಕೊಂಡರೆ ಮುಗಿಯಲಿಲ್ಲ, ಅವಧಿ ಮುಗಿದಾಗಲೆಲ್ಲ ನವೀಕರಿಸುತ್ತಿರಬೇಕು. ಕೊಳ್ಳುವಾಗ ಸೈಟ್ ಮಾಡಿಕೊಟ್ಟವರ ಇಮೇಲ್ ಕೊಡಬೇಡಿ, ಸಂಘದ್ದೇ ಕೊಡಿ. ನಾಳೆ ಅವರು ಊರು ಬಿಟ್ಟರೂ ಹೆಸರು ನಿಮ್ಮಲ್ಲೇ ಉಳಿಯಬೇಕು, ಅಲ್ವಾ?

2. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ವರ್ಡ್‌ಪ್ರೆಸ್ ಇನ್‌ಸ್ಟಾಲ್ ಮಾಡುವ ಬಟನ್ ಇರುತ್ತದೆ. ಒತ್ತಿ, ಗಟ್ಟಿ ಪಾಸ್‌ವರ್ಡ್ ಕೊಡಿ. ಸೆಟ್ಟಿಂಗ್ಸ್‌ಗೆ ಹೋಗಿ ಸೈಟಿನ ಭಾಷೆಯನ್ನು ಕನ್ನಡ ಮಾಡಿ. ಸರಳವಾದ ಥೀಮ್ ಒಂದನ್ನು ಆರಿಸಿ. ಇದರಲ್ಲೇ ವಾರಗಟ್ಟಲೆ ಕಳೆಯಬೇಡಿ.

3. ಈಗ ಬರೆಯಿರಿ. ಸಂಘದ ಪರಿಚಯ, ವಿಳಾಸದಂಥವಕ್ಕೆ 'ಪೇಜ್', ಆಗಾಗ ಬರುವ ಸುದ್ದಿಗೆ 'ಪೋಸ್ಟ್'. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಓದಲಾಗದ ಗೀಚು ಕಾಣುತ್ತದೆ. ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿ. ಆಗ ಮಾತ್ರ ಹುಡುಕುವವರಿಗೂ ಸಿಗುತ್ತದೆ.

4. ಪ್ರಕಟಿಸುವ ಮುಂಚೆ ಪುಟದ ಕೊಂಡಿಯನ್ನು (ವೆಬ್ ವಿಳಾಸವನ್ನು) ನೋಡಿ. ಕನ್ನಡದಲ್ಲಿ ಬರೆಯುವವರು ಎಡವುವುದು ಜಾಸ್ತಿ ಇಲ್ಲೇ. ಕನ್ನಡ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಅದನ್ನೇ ಕೊಂಡಿಯಾಗಿಸುತ್ತದೆ. ಯೂನಿಕೋಡ್‌ನ ಒಂದೊಂದು ಕನ್ನಡ ಚಿಹ್ನೆಗೂ ಅಲ್ಲಿ ಶೇಕಡಾ ಗುರುತು (%) ಸೇರಿದ 9 ಅಕ್ಷರಗಳಷ್ಟು ಜಾಗ ಬೇಕು. 'ಕನ್ನಡ' ಎಂಬ ಪುಟ್ಟ ಪದದಲ್ಲಿ ಅರ್ಧಾಕ್ಷರದ ಗುರುತೂ ಸೇರಿ 5 ಚಿಹ್ನೆಗಳಿವೆ, ಅಂದರೆ 45 ಅಕ್ಷರ! ಡೇಟಾಬೇಸಿನಲ್ಲಿ ಕೊಂಡಿಯ ಈ ಭಾಗಕ್ಕಿರುವ ಜಾಗ 200 ಅಕ್ಷರ. ಹೀಗಾಗಿ ಉದ್ದದ ಶೀರ್ಷಿಕೆಯಾದರೆ ಕೊಂಡಿ ನಡುವೆಯೇ ತುಂಡಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಬರೀ ಶೇಕಡಾ ಗುರುತುಗಳ ಸಾಲು ಕಾಣಬಹುದು. ಬದಿಯಲ್ಲಿರುವ 'ಸ್ಲಗ್' (ಕೊಂಡಿಯ ಕೊನೆಯ ಭಾಗ) ಜಾಗದಲ್ಲಿ ಎರಡು ಮೂರು ಇಂಗ್ಲಿಷ್ ಪದ ಹಾಕಿಬಿಡಿ. ಶೀರ್ಷಿಕೆ ಕನ್ನಡದಲ್ಲೇ ಇರಲಿ.

5. ಬ್ಯಾಕಪ್ ತೆಗೆಯಿರಿ, ತಿಂಗಳಿಗೊಮ್ಮೆಯಾದರೂ. ಬರಹ ಡೇಟಾಬೇಸಿನಲ್ಲಿದೆ, ಚಿತ್ರಗಳು 'ಅಪ್‌ಲೋಡ್ಸ್' ಫೋಲ್ಡರಿನಲ್ಲಿವೆ. ಟೂಲ್ಸ್‌ನಲ್ಲಿರುವ 'ಎಕ್ಸ್‌ಪೋರ್ಟ್' ಒತ್ತಿದರೆ ಬರಹವಷ್ಟೇ ಬರುತ್ತದೆ. ಚಿತ್ರಗಳ ಫೋಲ್ಡರನ್ನು ಬೇರೆಯಾಗಿ ಇಳಿಸಿಕೊಂಡು, ಎರಡನ್ನೂ ಒಟ್ಟಿಗೆ ಸಂಘದ ಕಂಪ್ಯೂಟರಿನಲ್ಲಿ ತಾರೀಖು ಹಾಕಿ ಇಡಿ.