ಹತ್ತೊಂಬತ್ತು ಬೈಟಿನಿಂದ ಶುರು ಮಾಡಿ: 8051 ಅಸೆಂಬ್ಲಿ ಕಲಿಯುವವರಿಗೆ

ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯ ಮುಂದಿನ ಕೋಣೆಗೆ ಸಂಜೆ ಆರರ ಮೇಲೆ ನಾಲ್ಕೈದು ಡಿಪ್ಲೊಮಾ ಮಕ್ಕಳು ಬರುತ್ತಾರೆ. ಒಬ್ಬಳು ಹರಿಹರದಿಂದ ಬಸ್ಸಿನಲ್ಲಿ, ಉಳಿದವರು ಸೈಕಲ್ಲಿನಲ್ಲಿ. ಹೊಸದಾಗಿ ಸೇರಿದವರೆಲ್ಲ ಮೊದಲ ವಾರದಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ: "ಮೇಡಂ, ಸಿ ಭಾಷೆ ಇರೋವಾಗ ಅಸೆಂಬ್ಲಿ ಯಾಕೆ?" ಕೆಲಸಕ್ಕೆ ಸೇರಿದ ಮೇಲೆ ನೀವು ಬರೆಯುವುದು ಹೆಚ್ಚಾಗಿ ಸಿ ಭಾಷೆಯೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸಿ ಬರೆದಾಗ ನಿಮ್ಮ ಮತ್ತು ಚಿಪ್ಪಿನ ನಡುವೆ, ನಿಮ್ಮ ಸಾಲುಗಳನ್ನು ಚಿಪ್ಪಿನ ಭಾಷೆಗೆ ಬದಲಿಸುವ ಕಂಪೈಲರ್ ನಿಂತಿರುತ್ತದೆ. ಅಸೆಂಬ್ಲಿಯಲ್ಲಿ, ಅಂದರೆ ಚಿಪ್ಪಿನದೇ ಆಜ್ಞೆಗಳನ್ನು ನೇರವಾಗಿ ಬರೆಯುವಾಗ, ನಡುವೆ ಯಾರೂ ಇಲ್ಲ. ನೀವು ಬರೆದ ಒಂದು ಸಾಲಿಗೆ ಚಿಪ್ಪು ಒಂದೇ ಕೆಲಸ ಮಾಡುತ್ತದೆ, ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೂ ಬೆರಳು ಮಡಚಿ ಲೆಕ್ಕ ಹಾಕಬಹುದು. ಮೋಟಾರು, ರಿಲೇ, ಸೆನ್ಸರ್ ಜೊತೆ ಕೆಲಸ ಮಾಡುವವರಿಗೆ ಈ ಲೆಕ್ಕ ಒಮ್ಮೆಯಾದರೂ ಕೈಯಿಂದ ಹಾದುಹೋಗಿರಬೇಕು.

ನಾನು ಕಲಿಸುವುದು 8051 ಎಂಬ ಮೈಕ್ರೋಕಂಟ್ರೋಲರ್, ಅಂದರೆ ಒಂದೇ ಚಿಪ್ಪಿನೊಳಗಿನ ಚಿಕ್ಕ ಕಂಪ್ಯೂಟರ್. ಇಂಟೆಲ್ 1980ರಲ್ಲಿ ತಂದ ವಿನ್ಯಾಸ, ಹಳೆಯದು. ಹಳೆಯದಾದ್ದರಿಂದಲೇ ಇಡೀ ಚಿಪ್ಪು ಒಬ್ಬರ ತಲೆಯಲ್ಲಿ ಹಿಡಿಯುತ್ತದೆ. ತೆಗೆದುಕೊಳ್ಳಬೇಕಾದದ್ದು ಅದೇ ಕುಟುಂಬದ ಎಟಿ89ಎಸ್52: ನಲವತ್ತು ಪಿನ್ನು, ಪ್ರೋಗ್ರಾಂಗೆ 8 ಕಿಲೋಬೈಟ್ ಫ್ಲ್ಯಾಶ್, 256 ಬೈಟ್ ರ‍್ಯಾಮ್. ಬ್ರೆಡ್‌ಬೋರ್ಡಿನ ಮೇಲೆ ಇಟ್ಟುಕೊಂಡೇ ಇದಕ್ಕೆ ಪ್ರೋಗ್ರಾಂ ತುಂಬಬಹುದು. ಯುಎಸ್‌ಬಿಎಎಸ್‌ಪಿ ಎಂಬ ಚಿಕ್ಕ ಪ್ರೋಗ್ರಾಮರ್ ಸಾಕು. ಅದರ ವೈರುಗಳು 6, 7, 8, 9ನೇ ಪಿನ್ನುಗಳಿಗೆ ಹೋಗುತ್ತವೆ. ಜೊತೆಗೆ 12 ಮೆಗಾಹರ್ಟ್ಸ್ ಕ್ರಿಸ್ಟಲ್, 33 ಪಿಕೋಫ್ಯಾರಡ್ ಕಂಡೆನ್ಸರ್ ಎರಡು, ರಿಸೆಟ್‌ಗೆ 10 ಮೈಕ್ರೋಫ್ಯಾರಡ್ ಕಂಡೆನ್ಸರ್, 10 ಕೆ ರೆಸಿಸ್ಟರ್ ಮತ್ತು ಒಂದು ಪುಶ್ ಬಟನ್, 20 ಮತ್ತು 40ನೇ ಪಿನ್ನಿನ ನಡುವೆ ಒಂದು 104 (ಅಂದರೆ 0.1 ಮೈಕ್ರೋಫ್ಯಾರಡ್) ಕಂಡೆನ್ಸರ್. ಇಷ್ಟಕ್ಕಿಂತ ಮುಖ್ಯವಾಗಿ ಒಂದು ಮಲ್ಟಿಮೀಟರ್. ಹಣ ಕಡಿಮೆ ಇದ್ದರೆ ಉಳಿದದ್ದರಲ್ಲಿ ಉಳಿಸಿ, ಮೀಟರಿನಲ್ಲಿ ಬೇಡ. ಇನ್ನೂ ಸಾಮಾನು ಸಿಕ್ಕಿಲ್ಲವೆಂದು ಸುಮ್ಮನೆ ಕೂರಬೇಡಿ. ಎಡ್‌ಸಿಮ್51 ಎಂಬ ಸಿಮ್ಯುಲೇಟರ್ ಉಚಿತವಾಗಿ ಸಿಗುತ್ತದೆ, ಒಂದೊಂದೇ ಸಾಲು ಓಡಿಸಿ ರಿಜಿಸ್ಟರುಗಳು (ಚಿಪ್ಪು ಸಂಖ್ಯೆ ಇಟ್ಟುಕೊಳ್ಳುವ ಒಳಗಿನ ಚಿಕ್ಕ ಖಾನೆಗಳು) ಬದಲಾಗುವುದನ್ನು ಅದರಲ್ಲಿ ನೋಡಬಹುದು.

31ನೇ ಪಿನ್ನನ್ನು 5 ವೋಲ್ಟಿಗೆ ಕಟ್ಟಿ. ಪ್ರೋಗ್ರಾಂ ಒಳಗಿನ ಫ್ಲ್ಯಾಶಿನಿಂದ ಓದಬೇಕೋ ಹೊರಗಿನ ಮೆಮೊರಿಯಿಂದಲೋ ಎಂದು ಹೇಳುವ ಪಿನ್ನು ಅದು. ಗಾಳಿಯಲ್ಲಿ ಬಿಟ್ಟರೆ ಚಿಪ್ಪು ಒಮ್ಮೆ ಓಡುತ್ತದೆ, ಒಮ್ಮೆ ಓಡುವುದಿಲ್ಲ. ನನ್ನ ಮೇಜಿಗೆ "ಚಿಪ್ಪು ಸುಟ್ಟಿದೆ ಮೇಡಂ" ಎಂದು ಬರುವ ಬೋರ್ಡುಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಪ್ರೋಗ್ರಾಂ ಬರೆಯುವ ಮುಂಚೆ ಎರಡು ಅಳತೆ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊದಲನೆಯದು, 30ನೇ ಪಿನ್ನು. ಕ್ರಿಸ್ಟಲ್ ನಡೆಯುತ್ತಿದ್ದರೆ ಅದರ ಆರನೇ ಒಂದು ಭಾಗದ ವೇಗದಲ್ಲಿ ಈ ಪಿನ್ನು ಮಿಡಿಯುತ್ತಿರುತ್ತದೆ. ಮೀಟರಿನಲ್ಲಿ ಸೊನ್ನೆಯೂ ಅಲ್ಲ, ಐದೂ ಅಲ್ಲ, ಒಂದೂವರೆಯಿಂದ ಎರಡರ ನಡುವಿನ ವೋಲ್ಟ್ ಕಾಣುತ್ತದೆ. ಆಸಿಲೋಸ್ಕೋಪ್ ಇಲ್ಲದವರಿಗೆ ಚಿಪ್ಪಿನ ನಾಡಿ ನೋಡುವ ಜಾಗ ಇದು. ಕ್ರಿಸ್ಟಲ್ಲಿನ ಕಾಲಿಗೇ ಮೀಟರ್ ಮುಟ್ಟಿಸಬೇಡಿ, ಮುಟ್ಟಿಸಿದರೆ ಅದು ನಿಂತುಹೋಗಬಹುದು. ಎರಡನೆಯದು, ರಿಸೆಟ್ ಬಟನ್ ಒತ್ತಿ ಹಿಡಿದು 1ರಿಂದ 8ನೇ ಪಿನ್ನುಗಳನ್ನು ಅಳೆಯಿರಿ. ಅದು ಪೋರ್ಟ್ 1. ಎಂಟರಲ್ಲೂ 5 ವೋಲ್ಟ್ ಹತ್ತಿರ ಇರುತ್ತದೆ. ಈ ಎರಡನೇ ಅಳತೆಯ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಿರಿ. ಯಾಕೆಂದು ಮುಂದೆ ಹೇಳುತ್ತೇನೆ.

ಈಗ ಎಲ್‌ಇಡಿ. ಪಿನ್ನಿನಿಂದ ಎಲ್‌ಇಡಿಗೆ, ಅಲ್ಲಿಂದ ಗ್ರೌಂಡಿಗೆ ಎಂದು ಹಾಕಿದರೆ ಮಂಕಾಗಿ ಉರಿಯುತ್ತದೆ. 8051ರ ಪಿನ್ನು ಮೇಲಕ್ಕೆ ತಳ್ಳುವುದರಲ್ಲಿ ಬಹಳ ದುರ್ಬಲ, ಕೆಳಕ್ಕೆ ಎಳೆಯುವುದರಲ್ಲಿ ಗಟ್ಟಿ. ಒಂದು ಪಿನ್ನು 10 ಮಿಲಿ ಆಂಪಿಯರ್ ತನಕ ಎಳೆದುಕೊಳ್ಳಬಲ್ಲದು. ಮೇಲಕ್ಕೆ ಕೊಡುವುದು ಮಾತ್ರ ಮೈಕ್ರೋ ಆಂಪಿಯರ್ ಲೆಕ್ಕದಲ್ಲಿ. ಆದ್ದರಿಂದ 5 ವೋಲ್ಟಿನಿಂದ 470 ಓಮ್, ಅಲ್ಲಿಂದ ಎಲ್‌ಇಡಿ, ಅಲ್ಲಿಂದ ಪಿನ್ನು. ಪಿನ್ನಿಗೆ ಸೊನ್ನೆ ಬರೆದರೆ ಉರಿಯುತ್ತದೆ, ಒಂದು ಬರೆದರೆ ಆರುತ್ತದೆ. ಮೊದಲು ತಿರುಗುಮುರುಗು ಅನ್ನಿಸುತ್ತದೆ, ಎರಡು ದಿನದಲ್ಲಿ ರೂಢಿಯಾಗುತ್ತದೆ.

ಮೊದಲ ಪ್ರೋಗ್ರಾಮನ್ನು ನಾನು ಕಂಪ್ಯೂಟರಿನಲ್ಲಿ ಬರೆಸುವುದಿಲ್ಲ. ಇನ್‌ಸ್ಟ್ರಕ್ಷನ್ ಪಟ್ಟಿ ಮುಂದಿಟ್ಟುಕೊಂಡು ಪೆನ್ಸಿಲ್ಲಿನಲ್ಲಿ ಬರೆಸುತ್ತೇನೆ. ಪಿ1.0ಕ್ಕೆ, ಅಂದರೆ ಪೋರ್ಟ್ 1ರ ಮೊದಲ ಪಿನ್ನಿಗೆ, ಕಟ್ಟಿದ ಎಲ್‌ಇಡಿ ಅರ್ಧ ಸೆಕೆಂಡು ಉರಿದು ಅರ್ಧ ಸೆಕೆಂಡು ಆರಬೇಕು, ಅಷ್ಟೇ. ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಹಾಕಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಎಡಗಡೆಯದು ವಿಳಾಸ, ನಡುವಿನದು ಚಿಪ್ಪಿನೊಳಗೆ ಕೂರುವ ಬೈಟುಗಳು, ಎಲ್ಲ ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ):

0000: ಬಿ2 90 – ಸಿಪಿಎಲ್ ಪಿ1.0 (ಪಿನ್ನನ್ನು ತಿರುಗಿಸು)
0002: 11 06 – ಎಕಾಲ್ 0006 (ಕಾಯುವ ತುಣುಕಿಗೆ ಹೋಗಿ ಬಾ)
0004: 80 ಎಫ್‌ಎ – ಎಸ್‌ಜಂಪ್ 0000
0006: 7ಡಿ 05 – ಮೂವ್ ಆರ್5, 5
0008: 7ಇ ಸಿ8 – ಮೂವ್ ಆರ್6, 200
000ಎ: 7ಎಫ್ ಎಫ್‌ಎ – ಮೂವ್ ಆರ್7, 250
000ಸಿ: ಡಿಎಫ್ ಎಫ್‌ಇ – ಡಿಜೆಎನ್‌ಝಡ್ ಆರ್7, ಇದೇ ಸಾಲು
000ಇ: ಡಿಇ ಎಫ್‌ಎ – ಡಿಜೆಎನ್‌ಝಡ್ ಆರ್6, 000ಎ
0010: ಡಿಡಿ ಎಫ್‌6 – ಡಿಜೆಎನ್‌ಝಡ್ ಆರ್5, 0008
0012: 22 – ರೆಟ್

ಒಟ್ಟು ಹತ್ತೊಂಬತ್ತು ಬೈಟು. ಡಿಜೆಎನ್‌ಝಡ್ ಅಂದರೆ ರಿಜಿಸ್ಟರಿನಿಂದ ಒಂದು ಕಳೆ, ಸೊನ್ನೆಯಾಗದಿದ್ದರೆ ಹೇಳಿದ ಜಾಗಕ್ಕೆ ಹಾರು.

ಹರಿಹರದ ಹುಡುಗಿ ಇದನ್ನು ಬರೆದು ಮುಗಿಸಿ ತುಂಬ ಹೊತ್ತು ಹಾಳೆ ನೋಡುತ್ತಾ ಕೂತಳು. "ಮೇಡಂ, ಈ ಎಫ್‌ಎ ಮೂರು ಸಲ ಬಂದೈತೆ, ಎಲ್ಲೋ ತಪ್ಪು ಬರೆದೆನಾ?" ಎಂದಳು. ತಪ್ಪಿರಲಿಲ್ಲ. 7ಎಫ್ ಹಿಂದೆ ಬಂದಾಗ ಎಫ್‌ಎ ಅಂದರೆ 250. 80 ಅಥವಾ ಡಿಇ ಹಿಂದೆ ಬಂದಾಗ ಅದೇ ಎಫ್‌ಎ ಅಂದರೆ ಆರು ಹೆಜ್ಜೆ ಹಿಂದಕ್ಕೆ, ಯಾಕೆಂದರೆ 256ರಲ್ಲಿ 6 ಕಳೆದರೆ 250. ಎಸ್‌ಜಂಪ್ ಓದಿ ಮುಗಿಸಿದಾಗ ಚಿಪ್ಪು 0006ರಲ್ಲಿ ನಿಂತಿರುತ್ತದೆ, ಆರು ಹಿಂದೆ ಹೋದರೆ 0000. ಬೈಟಿಗೆ ಸ್ವಂತ ಅರ್ಥವಿಲ್ಲ, ಅದಕ್ಕಿಂತ ಮುಂಚೆ ಬಂದ ಬೈಟು ಅರ್ಥ ಕೊಡುತ್ತದೆ. ಇದನ್ನು ಪಾಠವಾಗಿ ಎಷ್ಟು ಸಲ ಹೇಳಿದರೂ ಇಳಿಯುವುದಿಲ್ಲ. ಅವಳಿಗೆ ತನ್ನ ಹಾಳೆಯಲ್ಲೇ ಸಿಕ್ಕಿತು. ಕೈಯಿಂದ ಬರೆದ ಮೇಲೆ ಅಸೆಂಬ್ಲರಿಗೆ (ಸಾಲುಗಳನ್ನು ಬೈಟುಗಳಾಗಿಸುವ ಸಾಫ್ಟ್‌ವೇರಿಗೆ) ಕೊಟ್ಟು, ಅದು ಕೊಡುವ ಲಿಸ್ಟಿಂಗ್ ಫೈಲನ್ನು ನಿಮ್ಮ ಹಾಳೆಯ ಪಕ್ಕ ಇಟ್ಟು ತಾಳೆ ನೋಡಿ.

ಆಮೇಲೆ ಕಾಲದ ಲೆಕ್ಕ. ಈ ಚಿಪ್ಪಿನಲ್ಲಿ ಕ್ರಿಸ್ಟಲ್ಲಿನ ಹನ್ನೆರಡು ಬಡಿತಕ್ಕೆ ಒಂದು ಮಷಿನ್ ಸೈಕಲ್. 12 ಮೆಗಾಹರ್ಟ್ಸ್ ಇದ್ದರೆ ಒಂದು ಸೈಕಲ್‌ಗೆ ಸರಿಯಾಗಿ 1 ಮೈಕ್ರೋಸೆಕೆಂಡ್. ಮೂವ್‌ಗೆ ಒಂದು ಸೈಕಲ್, ಡಿಜೆಎನ್‌ಝಡ್‌ಗೆ ಎರಡು. ಒಳಗಿನ ಸುತ್ತು 250 ಸಲ ಎರಡು, ಅಂದರೆ 500. ಅದಕ್ಕೆ ಆರ್7 ತುಂಬಿದ 1, ಆರ್6 ಕಳೆದ 2 ಸೇರಿ 503. ಇನ್ನೂರು ಸಲಕ್ಕೆ 1,00,600. ಹೀಗೇ ಹೊರಗಿನ ಸುತ್ತು, ಕಾಲ್, ರೆಟ್, ಜಂಪ್ ಎಲ್ಲ ಕೂಡಿಸಿದರೆ ಎಲ್‌ಇಡಿಯ ಒಂದು ಬದಲಾವಣೆಗೆ 5,03,023 ಮೈಕ್ರೋಸೆಕೆಂಡು. ನೂರು ಸಲ ಉರಿದು ಆರಲು 100.6 ಸೆಕೆಂಡು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಎಣಿಸಿ. ಒಬ್ಬ ಹುಡುಗನಿಗೆ 109 ಸೆಕೆಂಡು ಬಂತು. ಎರಡು ಸಲ ಎಣಿಸಿದ, ಅಷ್ಟೇ ಬಂತು. ಲೆಕ್ಕ ತಪ್ಪೇನೋ ಎಂದು ಅಳಿಸಿ ಮತ್ತೆ ಬರೆದ. ಕೊನೆಗೆ ಕ್ರಿಸ್ಟಲ್ಲಿನ ತಲೆ ಮೇಲಿನ ಚಿಕ್ಕ ಅಕ್ಷರ ಓದಿಸಿದೆ: 11.0592. ಆ ಕ್ರಿಸ್ಟಲ್ಲಿನಲ್ಲಿ ಒಂದು ಸೈಕಲ್‌ಗೆ 1.085 ಮೈಕ್ರೋಸೆಕೆಂಡ್, ಅವನ 109 ಅಷ್ಟಕ್ಕೆ ಅಷ್ಟು ಸರಿಯಿತ್ತು. ಕಂಪ್ಯೂಟರಿನ ಜೊತೆ ಸೀರಿಯಲ್ಲಿನಲ್ಲಿ ಮಾತಾಡಿಸುವಾಗ ಈ 11.0592 ಬೇಕಾಗುತ್ತದೆ. 9600 ಬಾಡ್ (ಸೆಕೆಂಡಿಗೆ 9600 ಬಿಟ್) ಅದರಲ್ಲಿ ಶೇಷವಿಲ್ಲದೆ ಬರುತ್ತದೆ, ಟೈಮರ್ 1ರ ರಿಜಿಸ್ಟರ್ ಟಿಎಚ್1ಕ್ಕೆ ಎಫ್‌ಡಿ ಹಾಕಿದರೆ ಆಯಿತು.

ಸ್ವಿಚ್ ಓದುವುದು ಸುಲಭ. ಓದುವ ಮುಂಚೆ ಆ ಪಿನ್ನಿಗೆ ಒಂದು ಬರೆದಿರಬೇಕು. ಒತ್ತಿದಾಗ ಸ್ವಿಚ್ಚಿನ ಒಳಗಿನ ತಗಡು ಕೆಲವು ಸಲ ಪುಟಿಯುವುದರಿಂದ 20 ಮಿಲಿಸೆಕೆಂಡು ಕಾದು ಇನ್ನೊಮ್ಮೆ ಓದಿ. ಹಾಗೆಯೇ, ರಿಸೆಟ್ ಆದಾಗ ಸ್ಟ್ಯಾಕ್ ಪಾಯಿಂಟರ್ (ಹಿಂತಿರುಗುವ ವಿಳಾಸಗಳನ್ನು ಇಡುವ ಜಾಗ ತೋರಿಸುವ ರಿಜಿಸ್ಟರ್) 07ರಲ್ಲಿ ಇರುತ್ತದೆ. ಅದರ ಮುಂದಿನ ಜಾಗವೇ ರಿಜಿಸ್ಟರ್ ಬ್ಯಾಂಕ್ 1, ಅಂದರೆ ಆರ್0ರಿಂದ ಆರ್7ರ ಎರಡನೇ ಗುಂಪು; ಆ ಬ್ಯಾಂಕನ್ನು ಬಳಸುವುದಾದರೆ ಪ್ರೋಗ್ರಾಮಿನ ಮೊದಲಲ್ಲೇ ಪಾಯಿಂಟರನ್ನು ಹೆಕ್ಸ್ 30ಕ್ಕೋ 60ಕ್ಕೋ ಎತ್ತಿಡಿ.

ಸುತ್ತು ಹಾಕಿಸಿ ಕಾಯುವಾಗ ಚಿಪ್ಪು ಬೇರೇನೂ ಮಾಡಲಾಗದು. ಅದಕ್ಕೆ ಟೈಮರ್. ಅದರ ರಿಜಿಸ್ಟರುಗಳಲ್ಲಿ ಟಿಮೋಡ್‌ಗೆ 01 ಹಾಕಿ, ಪ್ರತಿ ಸುತ್ತಿಗೂ ಟಿಎಚ್0ಗೆ 3ಸಿ, ಟಿಎಲ್0ಗೆ ಬಿ0 ತುಂಬಿದರೆ 50,000 ಎಣಿಸಿ 50 ಮಿಲಿಸೆಕೆಂಡಿಗೆ ಒಮ್ಮೆ ಎಚ್ಚರಿಸುತ್ತದೆ; ಇಪ್ಪತ್ತು ಎಚ್ಚರಕ್ಕೆ ಒಂದು ಸೆಕೆಂಡು. ಈ ಎಚ್ಚರಕ್ಕೆ ಇಂಟರಪ್ಟ್ ಎನ್ನುತ್ತಾರೆ; ಟೈಮರ್ 0 ಇಂಟರಪ್ಟ್ ಬಂದಾಗ ಚಿಪ್ಪು 000ಬಿ ವಿಳಾಸಕ್ಕೆ ಹಾರುತ್ತದೆ. ನಮ್ಮ ಹತ್ತೊಂಬತ್ತು ಬೈಟು ಆ ಜಾಗದ ಮೇಲೆಯೇ ಕೂತಿರುವುದನ್ನು ಗಮನಿಸಿ. ಇಂಟರಪ್ಟ್ ಬಳಸುವಾಗ 0000ದಲ್ಲಿ ಒಂದು ಎಲ್‌ಜಂಪ್ (ಎಲ್ಲಿಗೆ ಬೇಕಾದರೂ ಹಾರಿಸುವ ಸಾಲು) ಮಾತ್ರ ಬಿಟ್ಟು, ಪ್ರೋಗ್ರಾಮನ್ನು 0030ಕ್ಕೆ ಸಾಗಿಸಬೇಕು.

ಇಷ್ಟು ಕಲಿತ ಹುಮ್ಮಸ್ಸಿನಲ್ಲಿ, ಬಹಳ ವರ್ಷದ ಹಿಂದೆ, ನಾನು ಹೊಳಲ್ಕೆರೆ ಹತ್ತಿರದ ನಮ್ಮ ಅಡಿಕೆ ತೋಟಕ್ಕೆ ಒಂದು ಬೋರ್ಡು ಮಾಡಿದೆ. ರಾತ್ರಿ ತ್ರೀ ಫೇಸ್ ಬಂದ ಕೂಡಲೇ ಸುತ್ತಲಿನ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೆ ಎದ್ದು ವೋಲ್ಟೇಜು ಕುಸಿಯುತ್ತದೆ. ನಮ್ಮ ಮೋಟಾರು ಮೂರು ನಿಮಿಷ ಕಾದು ಏಳಲಿ ಎಂಬುದು ನನ್ನ ಯೋಚನೆ. 180 ಸೆಕೆಂಡು, ಒಂದೇ ಬೈಟಿನಲ್ಲಿ ಹಿಡಿಯುವ ಸಂಖ್ಯೆ. ಪಿ1.0ದಿಂದ ಯುಎಲ್‌ಎನ್2003 (ಪಿನ್ನು ಮೇಲಿದ್ದಾಗ ರಿಲೇ ಎತ್ತಿಸುವ ಡ್ರೈವರ್ ಚಿಪ್ಪು), ಪಿನ್ನನ್ನು ಮೇಲಕ್ಕೆ ಎಳೆದಿಡಲು 4.7 ಕೆ ಪುಲ್‌ಅಪ್, ಅಲ್ಲಿಂದ 12 ವೋಲ್ಟಿನ ರಿಲೇ. ರಿಲೇಯ ಪಾಯಿಂಟು ಸ್ಟಾರ್ಟರಿನ ಹಸಿರು ಬಟನ್ನಿಗೆ ಸಮಾನಾಂತರವಾಗಿ. ಮೇಜಿನ ಮೇಲೆ ಪರೀಕ್ಷಿಸಿದಾಗ ಮೂರು ನಿಮಿಷಕ್ಕೆ ಸರಿಯಾಗಿ ರಿಲೇ ಎತ್ತಿತು. ಪವರ್ ಕೊಟ್ಟಾಗ ಒಮ್ಮೆ ಟಿಕ್ ಅಂದದ್ದನ್ನು ಕೇಳಿದ್ದೆ. ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಾಲ್ಕನೇ ದಿನ ರಾತ್ರಿ ಅಪ್ಪನ ಫೋನು. "ಏನವ್ವಾ, ನಿನ್ ಪೆಟ್ಗೆ ಮೂರ್ ನಿಮಿಷ ಕಾಯಾದೇ ಇಲ್ವಲ್ಲ. ಕರೆಂಟ್ ಬಂದ್ ಕೂಡ್ಲೇ ಮೋಟ್ರು ಎತ್ಕಂಡ್ ಬಿಡ್ತೈತೆ."

ಎರಡು ರಾತ್ರಿ ಪ್ರೋಗ್ರಾಮನ್ನು ಸಾಲು ಸಾಲಾಗಿ ನೋಡಿದೆ. ತಪ್ಪಿರಲಿಲ್ಲ. ಭಾನುವಾರ ತೋಟಕ್ಕೆ ಹೋಗಿ ಪಂಪ್‌ಮನೆಯಲ್ಲಿ ಕೂತೆ. ಕರೆಂಟು ಬಂತು, ನನ್ನ ರಿಲೇ ಟಿಕ್ ಅಂದಿತು, ಅದರ ಬೆನ್ನಿಗೇ ಸ್ಟಾರ್ಟರ್ ಧಡ್ ಎಂದು ಹಿಡಿಯಿತು. ಆಗ ಆ ಕೆಂಪು ಗೆರೆಯ ಅಳತೆ ಅರ್ಥವಾಯಿತು. ರಿಸೆಟ್ ಇರುವಷ್ಟು ಹೊತ್ತು ಪಿನ್ನುಗಳೆಲ್ಲ ಮೇಲೆ ಇರುತ್ತವೆ. 10 ಕೆ, 10 ಮೈಕ್ರೋಫ್ಯಾರಡ್ ಹಾಕಿದ ರಿಸೆಟ್ ಅಂದರೆ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ. ನನ್ನ ಮೊದಲ ಸಾಲು ಪಿನ್ನನ್ನು ಕೆಳಗಿಳಿಸುವ ಮುಂಚೆಯೇ ರಿಲೇ ಎತ್ತಿ ಬಿಟ್ಟಿರುತ್ತದೆ. ಎಲ್‌ಇಡಿಯಾಗಿದ್ದರೆ ಒಂದು ಮಿನುಗು, ಅಷ್ಟೇ. ಆದರೆ ಸ್ಟಾರ್ಟರ್ ಒಮ್ಮೆ ಹಿಡಿದರೆ ತನ್ನ ಪಾಯಿಂಟಿನಿಂದಲೇ ತನ್ನ ಕಾಯಿಲಿಗೆ ಕರೆಂಟು ಕೊಟ್ಟುಕೊಂಡು ಹಿಡಿದೇ ಇರುತ್ತದೆ. ಅದಕ್ಕೆ ಆ ಒಂದು ಟಿಕ್ ಸಾಕು.

ಆವತ್ತಿನಿಂದ ನಾನು ರಿಲೇಯನ್ನು ಪಿನ್ನು ಕೆಳಗಿದ್ದಾಗ ಎತ್ತುವ ಹಾಗೆಯೇ ಕಟ್ಟುತ್ತೇನೆ. 5 ವೋಲ್ಟಿನಿಂದ 470 ಓಮ್, ಅಲ್ಲಿಂದ ಪಿಸಿ817 ಆಪ್ಟೋಕಪ್ಲರಿನ (ಒಳಗಿನ ಎಲ್‌ಇಡಿಯ ಬೆಳಕಿನಿಂದ ಆ ಕಡೆಯ ಟ್ರಾನ್ಸಿಸ್ಟರನ್ನು ನಡೆಸುವ ಬಿಡಿಭಾಗ) 1ನೇ ಕಾಲು. ಅದರ 2ನೇ ಕಾಲು ಚಿಪ್ಪಿನ ಪಿನ್ನಿಗೆ. ಆ ಕಡೆ 12 ವೋಲ್ಟಿನಿಂದ 2.2 ಕೆ ಮೂಲಕ 4ನೇ ಕಾಲು; 3ನೇ ಕಾಲು ಬಿಸಿ547 ಟ್ರಾನ್ಸಿಸ್ಟರಿನ ಬೇಸಿಗೆ, ಬೇಸಿನಿಂದ ಗ್ರೌಂಡಿಗೆ ಒಂದು 10 ಕೆ, ಎಮಿಟರ್ ನೇರ ಗ್ರೌಂಡಿಗೆ. ಕಲೆಕ್ಟರಿನಲ್ಲಿ ರಿಲೇ ಕಾಯಿಲ್, ಕಾಯಿಲಿಗೆ ಅಡ್ಡಲಾಗಿ 1ಎನ್4007 ಡಯೋಡ್, ಪಟ್ಟಿ ಇರುವ ತುದಿ 12 ವೋಲ್ಟಿನ ಕಡೆ. ರಿಸೆಟ್‌ನಲ್ಲಿ ಪಿನ್ನು ಮೇಲಿರುತ್ತದೆ, ಆಪ್ಟೋ ಆರಿರುತ್ತದೆ, ರಿಲೇ ಅಲುಗಾಡುವುದಿಲ್ಲ.

ಮಕ್ಕಳೇ, ಸ್ಟಾರ್ಟರಿನ ಒಳಗೆ ನೀವು ಕೈ ಹಾಕಬೇಡಿ. ಅಲ್ಲಿ 415 ವೋಲ್ಟ್ ಇದೆ, ಅದು ಪಂಪ್‌ಸೆಟ್ ರಿಪೇರಿಯವರ ಕೆಲಸ. ಮೇಜಿನ ಮೇಲೆ ಸ್ಟಾರ್ಟರಿನ ಜಾಗದಲ್ಲಿ ಇನ್ನೊಂದು 12 ವೋಲ್ಟಿನ ರಿಲೇ ಇಟ್ಟು, ಅದು ತನ್ನ ಪಾಯಿಂಟಿನಿಂದ ತನ್ನನ್ನೇ ಹಿಡಿದುಕೊಳ್ಳುವ ಹಾಗೆ ಕಟ್ಟಿ, ಅದಕ್ಕೊಂದು ಸಣ್ಣ ಬಲ್ಬು ಹಾಕಿ. ತಪ್ಪು ಟಿಕ್ ಬಂದರೆ ಬಲ್ಬು ಹೊತ್ತಿಕೊಂಡು ಹಾಗೇ ಉಳಿಯುತ್ತದೆ, ಕಣ್ತಪ್ಪಿಸಿ ಹೋಗಲಾರದು. ಈಗ ಪವರನ್ನು ಇಪ್ಪತ್ತು ಸಲ ತೆಗೆದು ಹಾಕಿ. ಹತ್ತು ಸಲ ನಿಧಾನವಾಗಿ, ಹತ್ತು ಸಲ ನಮ್ಮ ಕಡೆ ಗಾಳಿಮಳೆಯಲ್ಲಿ ಕರೆಂಟು ಹೋಗಿ ಬರುವ ಹಾಗೆ, ಕಣ್ಣು ಮಿಟುಕಿಸುವಷ್ಟರಲ್ಲಿ. ವೇಗವಾಗಿ ಮಾಡಿದಾಗ ಮಾತ್ರ ಚಿಪ್ಪು ಸಿಕ್ಕಿಕೊಂಡರೆ ರಿಸೆಟ್ ಕಂಡೆನ್ಸರ್ ಪೂರ್ತಿ ಖಾಲಿಯಾಗುತ್ತಿಲ್ಲ ಎಂದು ತಿಳಿಯಿರಿ. ರಿಸೆಟ್‌ನ 10 ಕೆ ರೆಸಿಸ್ಟರಿಗೆ ಅಡ್ಡಲಾಗಿ ಒಂದು 1ಎನ್4148 ಡಯೋಡ್ ಹಾಕಿ, ಪಟ್ಟಿ ಇರುವ ತುದಿ 9ನೇ ಪಿನ್ನಿನ ಕಡೆಗೆ, ಮತ್ತೆ ಒಂದರಿಂದ ಎಣಿಸಿ.