ಹಳೇ ಪಿಕಪ್‌ಗೆ ಬಾಕಿ ಉಳಿದಿದ್ದ ರೀಕಾಲ್

ಹ್ಯೂಸ್ಟನ್‌ನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಪಿಕಪ್‌ನ 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಅಂದರೆ ವಿಐಎನ್ ಅನ್ನು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಯ ಸೈಟಿಗೆ ಹಾಕಿದೆ. ಪ್ಯಾಸೆಂಜರ್ ಕಡೆಯ ಏರ್‌ಬ್ಯಾಗ್ ಇನ್‌ಫ್ಲೇಟರ್ (ಬ್ಯಾಗ್ ಉಬ್ಬಿಸುವ ಭಾಗ) ರೀಕಾಲ್, ಅಂದರೆ ದೋಷವನ್ನು ಕಂಪನಿಯೇ ಬಿಟ್ಟಿಯಾಗಿ ಸರಿಪಡಿಸಿಕೊಡುವುದು, ಇನ್ನೂ ಬಾಕಿ! ಇನ್‌ಫ್ಲೇಟರ್ ಒಳಗಿನ, ಅನಿಲ ಹುಟ್ಟಿಸುವ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ, ತೇವಕ್ಕೆ ಸಿಕ್ಕಿ ಕೆಡುತ್ತದೆ. ಆಮೇಲೆ ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಇನ್‌ಫ್ಲೇಟರ್‌ನ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಮುಖಕ್ಕೆ ಬಡಿಯಬಹುದು. ಹ್ಯೂಸ್ಟನ್ ಸೆಕೆ ಗೊತ್ತಲ್ವಾ? ಆ ಸೀಟಿನಲ್ಲಿ ಯಾರನ್ನೂ ಕೂರಿಸಲಿಲ್ಲ.

ಡೀಲರ್ "ನೀವು ಮೊದಲ ಮಾಲೀಕರಲ್ಲ" ಎಂದು ಸುಮ್ನೆ ರಾಗ ಎಳೆದ. ರೀಕಾಲ್ ಇರುವುದು ಗಾಡಿಗೆ, ಮಾಲೀಕನಿಗಲ್ಲ. ಗಾಡಿ ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಇನ್‌ಫ್ಲೇಟರ್ ಬಿಟ್ಟಿಯಾಗಿ ಬದಲಾಯಿತು.

ಅದೇ ಸೈಟಿನಲ್ಲಿ ಮಾಲೀಕರ ದೂರುಗಳನ್ನೂ ಓದಿದೆ. ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು, ಬಿಸಿಯಾದರೆ ಮಾಯ. ನನ್ನದೂ ಅದೇ: ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಹಾಕುವ ಕೊಳವೆ) ಬೋಲ್ಟ್ ಮುರಿದಿತ್ತು. ಇದಕ್ಕೆ ರೀಕಾಲ್ ಇಲ್ಲ, ದುಡ್ಡು ನನ್ನದೇ. ಬೋಲ್ಟಿಗಿಂತ ಅದರ ಮುರಿದ ತುಂಡು ತೆಗೆಯುವ ಕೂಲಿಯೇ ಜಾಸ್ತಿ ಆಯಿತು.