ಮಯಲಿನ್ ಅಳೆಯಬೇಕೆ? ಮೊದಲು ನೀರನ್ನು ಹಿಡಿಯಿರಿ

ನರತಂತುಗಳಿಗೆ ಪದರ ಪದರವಾಗಿ ಸುತ್ತಿಕೊಂಡಿರುವ ಕೊಬ್ಬಿನ ಹೊದಿಕೆ ಮಯಲಿನ್. ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯದಲ್ಲಿ ಕತ್ತರಿಸಿಟ್ಟ ಮಿದುಳು ನೋಡಿದ್ದೀರಾದರೆ, ಅದರ ಒಳಭಾಗ ಬೆಳ್ಳಗಿರುವುದು ಇದರಿಂದಲೇ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಲ್ಲಿ ಈ ಹೊದಿಕೆ ಅಲ್ಲಲ್ಲಿ ಕಳಚಿಬೀಳುತ್ತದೆ. ಸ್ಕಿಜೋಫ್ರೀನಿಯಾ ಎಂಬ ಮನೋರೋಗದಲ್ಲಿ ಅಂಥ ಎದ್ದುಕಾಣುವ ಗಾಯವಿಲ್ಲ. ಹೊದಿಕೆಯಲ್ಲೇ ಏನೋ ಕೊರತೆ ಇರಬಹುದೆಂಬ ಅನುಮಾನ ಮಾತ್ರ ಹಳೆಯದು. ಬದುಕಿರುವವರಲ್ಲಿ ಇದನ್ನು ಪರೀಕ್ಷಿಸುವ ಒಂದು ದಾರಿ ಇಲ್ಲಿದೆ.

ಸಾಮಾನ್ಯ ಎಂಆರ್‌ಐ ಮಯಲಿನ್ನಿನ ಕೊಬ್ಬನ್ನು ನೋಡುವುದೇ ಇಲ್ಲ, ಅದು ನೋಡುವುದು ನೀರನ್ನು. ಪದರಗಳ ಸಂದಿಯಲ್ಲಿ ಸಿಕ್ಕಿಕೊಂಡ ನೀರಿನ ಸಿಗ್ನಲ್ ಬೇಗ ಆರಿಹೋಗುತ್ತದೆ: ಅದರ ಟಿ2 (ಸಿಗ್ನಲ್ ಮೊದಲಿನ ಶೇ. 37ರಷ್ಟಕ್ಕೆ ಇಳಿಯಲು ಹಿಡಿಯುವ ಸಮಯ) ಸುಮಾರು 10ರಿಂದ 40 ಮಿಲಿಸೆಕೆಂಡ್. ಜೀವಕೋಶಗಳ ಒಳಹೊರಗಿನ ನೀರಿನದು 80ರ ಆಸುಪಾಸು. ಈ ವ್ಯತ್ಯಾಸವನ್ನೇ ಹಿಡಿದು ಕೆನಡಾದ ವ್ಯಾಂಕೂವರ್‌ನಲ್ಲಿ ಅಲೆಕ್ಸ್ ಮೆಕೆ ಅವರ ತಂಡ 1994ರಲ್ಲಿ 'ಮಯಲಿನ್ ನೀರಿ'ನ ಚಿತ್ರ ತೆಗೆದು ತೋರಿಸಿತು.

ಒಂದು ಲೆಕ್ಕ ಹಾಕಿ. ಬಿಳಿ ಭಾಗದ ಒಂದು ಚುಕ್ಕಿಯಿಂದ ಆರಂಭದಲ್ಲಿ 100 ಪಾಲು ಸಿಗ್ನಲ್ ಬಂತು. ಅದರಲ್ಲಿ 12 ಮಯಲಿನ್ ನೀರಿನದು (ಟಿ2 20), 88 ಉಳಿದ ನೀರಿನದು (ಟಿ2 80). 40 ಮಿಲಿಸೆಕೆಂಡ್ ಕಳೆದಾಗ 12ರಲ್ಲಿ ಉಳಿಯುವುದು 1.6, 88ರಲ್ಲಿ 53. 100 ಮಿಲಿಸೆಕೆಂಡ್ ಹೊತ್ತಿಗೆ ಮಯಲಿನ್ ಪಾಲು 0.1ಕ್ಕೂ ಕಡಿಮೆ. ಆಸ್ಪತ್ರೆಯ ಮಾಮೂಲಿ ಟಿ2 ಚಿತ್ರ ಸೆರೆಹಿಡಿಯುವುದು ಹೆಚ್ಚುಕಡಿಮೆ ಈ ಹೊತ್ತಿಗೇ. ಹಾಗಾಗಿ ಆ ಫಿಲ್ಮ್ ಹಿಡಿದು ಮಯಲಿನ್ ಎಷ್ಟಿದೆ ಎಂದು ಹೇಳಲಾಗದು.

ಸ್ಕ್ಯಾನ್‌ಗೆ 3 ಟೆಸ್ಲಾ ಯಂತ್ರ ಸಾಕು. ಮೊದಲು ಮಿದುಳಿನ ರಚನೆ ತೋರಿಸುವ 1 ಮಿ.ಮೀ. ಟಿ1 ಚಿತ್ರ. ಆಮೇಲೆ 10 ಮಿಲಿಸೆಕೆಂಡ್ ಅಂತರದಲ್ಲಿ 32 ಎಕೋಗಳನ್ನು (ಮರಳಿ ಬರುವ ಸಿಗ್ನಲ್‌ಗಳನ್ನು) ಹಿಡಿಯುವ 'ಗ್ರೇಸ್' ಎಂಬ ಸ್ಕ್ಯಾನ್ ವಿಧಾನ. ಸುಮಾರು 15 ನಿಮಿಷ ಹಿಡಿಯುತ್ತದೆ. ಚಿತ್ರ ಎದ್ದುಕಾಣಲೆಂದು ರಕ್ತನಾಳಕ್ಕೆ ಚುಚ್ಚುವ ಗ್ಯಾಡೋಲಿನಿಯಂ ಕೊಡುವುದಿದ್ದರೆ ಇದೆಲ್ಲ ಮುಗಿದ ಮೇಲೇ ಕೊಡಿ, ಅದು ನೀರಿನ ಸಿಗ್ನಲ್ಲನ್ನೇ ಬದಲಿಸುತ್ತದೆ. ತಲೆಯ ಎರಡೂ ಬದಿಗೆ ಸ್ಪಂಜು ತುರುಕಿ. ಅಲುಗಾಟ ಇಲ್ಲಿ ದೊಡ್ಡ ಶತ್ರು: ರೋಗಿಗಳ ಗುಂಪು ಹೆಚ್ಚು ಅಲುಗಾಡಿದರೆ ಇಲ್ಲದ ವ್ಯತ್ಯಾಸವೂ ಫಲಿತಾಂಶದಲ್ಲಿ ಮೂಡುತ್ತದೆ.

ಮುಂದಿನದು ಕಂಪ್ಯೂಟರಿನ ಕೆಲಸ. ಪ್ರತಿ ಚುಕ್ಕಿಯ 32 ಅಂಕಿಗಳ ಇಳಿಜಾರನ್ನು ಹಲವು ಟಿ2ಗಳಾಗಿ ಬಿಡಿಸಿ, 40ಕ್ಕಿಂತ ಕೆಳಗಿನದನ್ನು ಒಟ್ಟು ಸಿಗ್ನಲ್‌ನಿಂದ ಭಾಗಿಸಬೇಕು. ಬಿಳಿ ಭಾಗದಲ್ಲಿ ಉತ್ತರ ಸಾಧಾರಣವಾಗಿ 0.10ರ ಸುತ್ತಮುತ್ತ, ಬೂದು ಭಾಗದಲ್ಲಿ ಅದಕ್ಕಿಂತ ತೀರಾ ಕಡಿಮೆ. ಎಕೋ ಹುಟ್ಟಿಸಲು ಯಂತ್ರ 180 ಡಿಗ್ರಿ ಎಂದು ಕೊಡುವ ರೇಡಿಯೋ ಪಲ್ಸ್ ತಲೆಯ ಎಲ್ಲ ಕಡೆ 180 ಆಗಿರುವುದಿಲ್ಲ. ಅದನ್ನು ತಿದ್ದದ ಸಾಫ್ಟ್‌ವೇರ್ ಬಳಸಿದರೆ ಅಂಕಿ ಕೆಟ್ಟಿತೆಂದೇ ಲೆಕ್ಕ. ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ ಕಾರ್ಪಸ್ ಕೆಲೋಸಮ್ ಗುರುತಿಸುವಾಗ ಅಂಚಿನ ಒಂದು ಸಾಲು ಚುಕ್ಕಿಗಳನ್ನು ಬಿಟ್ಟುಬಿಡಿ, ಪಕ್ಕದ ಕುಹರದ ದ್ರವ ಅಲ್ಲಿ ಬೆರೆತಿರುತ್ತದೆ.

ಇನ್ನು ಡಿಟಿಐ, ಅಂದರೆ ನೀರು ಯಾವ ದಿಕ್ಕಿಗೆ ಹರಡುತ್ತದೆಂದು ಅಳೆಯುವ ಎಂಆರ್‌ಐ. ಆ ಹರಡುವಿಕೆ ಒಂದೇ ದಿಕ್ಕಿಗೆ ಎಷ್ಟು ವಾಲಿದೆ ಎಂದು ಹೇಳುವ ಅದರ ಎಫ್‌ಎ ಅಂಕಿಯನ್ನೇ 'ಮಯಲಿನ್' ಎಂದು ಬರೆಯುವವರು ಈಗಲೂ ಇದ್ದಾರೆ, ಬರೆಯಬಾರದು. ಗಾರ್ ಮೀನಿನ ಘ್ರಾಣನರಕ್ಕೆ ಮಯಲಿನ್ ಇಲ್ಲ, ಆದರೂ ಅದರಲ್ಲಿ ನೀರು ಉದ್ದಕ್ಕೆ ಸಲೀಸಾಗಿ, ಅಡ್ಡಕ್ಕೆ ತಡವರಿಸಿ ಚಲಿಸುತ್ತದೆಂದು 1994ರಲ್ಲೇ ತಿಳಿದಿತ್ತು. ಹಲವು ದೇಶಗಳ ಮಿದುಳು ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸುವ ಎನಿಗ್ಮಾ ಒಕ್ಕೂಟ 2018ರಲ್ಲಿ 1,963 ಸ್ಕಿಜೋಫ್ರೀನಿಯಾ ರೋಗಿಗಳಲ್ಲಿ 25 ಜಾಗಗಳ ಪೈಕಿ 20ರಲ್ಲಿ ಎಫ್‌ಎ ಕಡಿಮೆ ಇರುವುದನ್ನು ಕಂಡಿತು. ಮಹತ್ವದ ಫಲಿತಾಂಶವೇ. ಆದರೆ ಕಾರಣ ಮಯಲಿನ್ನೋ, ನರತಂತುಗಳ ಜೋಡಣೆಯೋ ಎಂಬುದನ್ನು ಎಫ್‌ಎ ಒಂದೇ ಹೇಳದು. ಮನೋರೋಗಗಳಲ್ಲಿ ವ್ಯತ್ಯಾಸ ಗುಂಪಿನ ಸರಾಸರಿಯಲ್ಲಿ ಕಾಣುವ ಸಣ್ಣದು. ಒಬ್ಬ ರೋಗಿಯ ಸ್ಕ್ಯಾನ್ ನೋಡಿ ಕಾಯಿಲೆ ಹೇಳಲು ಬಾರದು. ವಯಸ್ಸು, ಔಷಧಿ, ಸಿಗರೇಟು ಮೂರನ್ನೂ ಬರೆದಿಡಿ. ಯಂತ್ರದ ಅಪ್‌ಗ್ರೇಡ್‌ಗೆ ಮುಂಚೆ ರೋಗಿಗಳು, ನಂತರ ಆರೋಗ್ಯವಂತರು ಎಂದಾಗಬಾರದು; ಎರಡೂ ಗುಂಪನ್ನು ಬೆರೆಸಿ ಕರೆಸಿ.

ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಹೊಸ ಗಾಯದಲ್ಲಿ ಮೋಸ ಎರಡು ಕಡೆಯಿಂದಲೂ ಬರುತ್ತದೆ. ಊತದ ನೀರು ಸೇರಿದರೆ ಮಯಲಿನ್ ಇದ್ದಷ್ಟೇ ಇದ್ದರೂ ಅದರ ಪಾಲು ಇಳಿಯುತ್ತದೆ. ಕಳಚಿಬಿದ್ದ ಮಯಲಿನ್ ಚೂರುಗಳು ತೆರವಾಗುವವರೆಗೆ ಅವೂ ಸಿಗ್ನಲ್ ಕೊಡುತ್ತಿರುತ್ತವೆ. ಅದಕ್ಕೇ ಒಂದೇ ಸ್ಕ್ಯಾನ್ ನಂಬದೆ, ಆರು ತಿಂಗಳು ಬಿಟ್ಟು ಅದೇ ಯಂತ್ರದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಮತ್ತೊಮ್ಮೆ ತೆಗೆಯುತ್ತಾರೆ.